ಮೊದಲ ಬಸ್ಸು ಎಷ್ಟು ಗಂಟೆಗೆ?
(ವಿದ್ಯಾರ್ಥಿನಿಲಯದ ಸಭೆಯೊಂದರಲ್ಲಿ ಆಡಿದ ಮಾತು)



1901ರಲ್ಲಿ ಬಾಲಕ ಅಂಬೇಡ್ಕರ್ ಅಣ್ಣನ ಜೊತೆ ಮಸೂರು ಸ್ಟೇಷನ್ನಿನಲ್ಲಿ ಇಳಿದರು. ಜಾತಿ ತಿಳಿದ ಮೇಲೆ ಯಾರೂ ಗಾಡಿಗೆ ಹತ್ತಿಸಿಕೊಳ್ಳಲಿಲ್ಲ. ಕಡೆಗೆ ಎರಡರಷ್ಟು ಬಾಡಿಗೆ ಕೊಟ್ಟು ಹುಡುಗರೇ ಎತ್ತು ಹೊಡೆದರು. ಗಾಡಿಯವನು ಮೈಲಿಗೆಗೆ ಅಂಜಿ ಪಕ್ಕದಲ್ಲಿ ನಡೆದು ಬಂದ. ನಿಮಗೆಲ್ಲ ಗೊತ್ತಿರೋದೇ. ಮತ್ತೆ ಯಾಕೆ ಹೇಳ್ತೀವಿ ಅಂದ್ರೆ, ಸರ್ಕಾರಿ ಬಸ್ಸು ನಮ್ಮ ಜನಕ್ಕೆ ಬರೀ ಸವಾರಿ ಆಗಿರಲಿಲ್ಲ. ಕಾಸು ಕೊಟ್ಟರೆ ಟಿಕೆಟ್ಟು. ಹಳ್ಳಿ ಕಡೆ ಅಲ್ಲೂ ಸೀಟಿನಿಂದ ಎಬ್ಬಿಸಿದ್ದುಂಟು, ಸುಳ್ಳು ಹೇಳಬಾರದು. ಆದರೆ ಪಟ್ಟಣದ ನೂಕುನುಗ್ಗಲಲ್ಲಿ ಯಾರ ಮೈ ಯಾರಿಗೆ ತಾಕಿತು ಅಂತ ಲೆಕ್ಕ ಇಡೋರು ಯಾರು?

ಬೆಂಗಳೂರನ್ನೇ ನೋಡೋಣ. 1940ರಲ್ಲಿ ಕಂಪನಿಯ ಬಸ್ಸು, 1956ರಲ್ಲಿ ಸರ್ಕಾರ ವಹಿಸಿಕೊಂಡು ಬಿ.ಟಿ.ಎಸ್., 1961ರಲ್ಲಿ ರಾಜ್ಯ ಸಾರಿಗೆ ನಿಗಮದೊಳಗೆ ವಿಲೀನ. ಧರ್ಮಾಂಬುಧಿ ಕೆರೆಯ ಅಂಗಳವೇ ಮೆಜೆಸ್ಟಿಕ್ ನಿಲ್ದಾಣವಾಯಿತು. 1997ರ ಆಗಸ್ಟ್ 15ಕ್ಕೆ ಬಿ.ಎಂ.ಟಿ.ಸಿ. ಬೇರೆಯಾಯಿತು. ಊರು ಉಬ್ಬಿದಂತೆ ಹೊರವರ್ತುಲ ರಸ್ತೆಗೆ 500ರ ನಂಬರಿನ ಬಸ್ಸುಗಳು ಬಂದವು. 2006ರಲ್ಲಿ ತಣ್ಣನೆ ಗಾಳಿಯ ವೋಲ್ವೋ; 2008ರಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣ ತೆರೆದಾಗ ಅಲ್ಲಿಗೂ ಅಂಥದೇ ಬಸ್ಸು. ಬಡವರಿಗೆ ಅಂತ ಕಡಿಮೆ ದರದ ಅಟಲ್ ಸಾರಿಗೆ ಬಂದದ್ದು 2009ರಲ್ಲಿ. ಯಾರು ಮುಂದೆ, ಯಾರು ಹಿಂದೆ, ಇಸವಿಗಳೇ ಹೇಳ್ತವೆ.

ಅತ್ತ ಬಸ್ಸಿನ ದಾರಿ ಉದ್ದ ಆಗುತ್ತಿದ್ದರೆ ಇತ್ತ ನಮ್ಮವರನ್ನು ಊರಾಚೆ ಸಾಗಿಸುವ ಕೆಲಸವೂ ನಡೆದಿತ್ತು. 2013ರ ಜನವರಿಯಲ್ಲಿ ಈಜಿಪುರದ ಗುಡಿಸಲುಗಳನ್ನು ಕೆಡವಿ, ಜನರಿಗೆ ಸರ್ಜಾಪುರದ ಕಡೆಯ ಸೂಲಿಕುಂಟೆ ತೋರಿಸಿದರು. ಅವರ ಮುಸುರೆ ತಿಕ್ಕುವ ಮನೆಗಳು ಇದ್ದದ್ದು ಕೋರಮಂಗಲದಲ್ಲಿ! ಮನೆ ಕೊಟ್ಟೆವು ಅಂತಾರೆ. ಸ್ವಾಮಿ, ಕೆಲಸಕ್ಕೆ ಹೋಗೋ ದಾರಿ ಕಿತ್ತುಕೊಂಡ ಮೇಲೆ ಆ ನಾಲ್ಕು ಗೋಡೆ ಯಾರ ಹೊಟ್ಟೆಗೆ?

ಪೌರಕಾರ್ಮಿಕ ತಾಯಂದಿರಿಗೆ ಬೆಳಗ್ಗೆ ಆರೂವರೆಗೆ ಹಾಜರಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಸಾಮಾನ್ಯ ಬಸ್ಸಿನಲ್ಲಿ ಅವರಿಗೆ ದುಡ್ಡಿಲ್ಲ. ಬಿಟ್ಟಿ ಬಸ್ಸು ಅಂತ ಹಂಗಿಸೋರ ಸಾಲಿನಲ್ಲಿ ನಾವು ನಿಲ್ಲೋದಿಲ್ಲ. ಉಳಿದ ಕಾಸು ಮಕ್ಕಳ ತಟ್ಟೆಗೆ ಬೀಳುತ್ತೆ. ಆದರೆ ಕಾಲೋನಿಗೆ ಮೊದಲ ಬಸ್ಸು ಏಳಕ್ಕೆ ಬಂದರೆ ಆ ತಾಯಿ ಸೊನ್ನೆ ಟಿಕೆಟ್ಟು ಹಿಡಕೊಂಡು ಏನು ಮಾಡಬೇಕು? ಆಟೋಗೆ ಕೂಲಿಯ ಕಾಲುಭಾಗ ಸುರಿಯಬೇಕೆ? ಗಂಡಸರಿಗಂತೂ 2025ರ ಜನವರಿಯಲ್ಲಿ ಶೇಕಡ 15ರಷ್ಟು ದರ ಏರಿತು.

ಬಸ್ಸು ಬರದ್ದಕ್ಕೆ ಕಂಡಕ್ಟರನ ಮೇಲೆ ಹರಿಹಾಯುವುದು ಬೇಡ. ಚಿಲ್ಲರೆಯನ್ನು ಟಿಕೆಟ್ಟಿನ ಹಿಂದೆ ಬರೆದುಕೊಡೋ ಆ ಮನುಷ್ಯನೂ ನಮ್ಮಂಥ ಬಡವರ ಮಗ. ದಾರಿ, ವೇಳೆ ಗೊತ್ತುಮಾಡೋದು ಅವನಲ್ಲ. ಗಳಿಕೆ ಕಡಿಮೆ ಅಂತ ಟ್ರಿಪ್ಪು ಕತ್ತರಿಸೋ ಕೋಣೆಗಳಿಗೆ ಹೋಗಬೇಕು.

ಬರೀ ಧಿಕ್ಕಾರ ಕೂಗಿಕೊಂಡು ಹೋದರೆ ಅರ್ಜಿ ಇಸಕೊಂಡು ಚಹ ಕುಡಿಸಿ ಕಳಿಸ್ತಾರೆ. ಹಾಸ್ಟೆಲಿನಿಂದ ಇಬ್ಬಿಬ್ಬರು ಒಂದೊಂದು ಕಾಲೋನಿಯ ಕೊನೇ ಸ್ಟಾಪಿನಲ್ಲಿ ಬೆಳಗ್ಗೆ ನಾಲ್ಕೂವರೆಯಿಂದ ಏಳರವರೆಗೆ ಕೂರೋಣ. ಬಂದ ಬಸ್ಸಿನ ನಂಬರು, ಗಂಟೆ, ಹತ್ತಿದವರೆಷ್ಟು, ಬಸ್ಸಿಲ್ಲದೆ ನಡೆದವರೆಷ್ಟು, ಎಲ್ಲ ಬರೆಯೋಣ. ಆರು ದಿನ ಸಾಕು. ಏಳನೇ ದಿನ ಆ ತಾಯಂದಿರನ್ನೇ ಮುಂದೆ ಮಾಡಿಕೊಂಡು ಡಿಪೋ ಮ್ಯಾನೇಜರ ಮೇಜಿನ ಮೇಲೆ ನೋಟುಬುಕ್ಕು ಇಡೋಣ. ಹೆಸರು ಕೊಡುವವರು ಸಭೆ ಮುಗಿದ ಮೇಲೆ ಇಲ್ಲೇ ಇರಿ.