ಮೀನಿನ ಮೇವಿಗೆ ಕಿಣ್ವ: ಆರಿದ ಮೇಲೆ ಹಾಕಿ

ಶ್ರೀನಿವಾಸಪುರದ ಹತ್ರ ನಮ್ಮ ಹೊಂಡದಲ್ಲಿ ಕಾಟ್ಲಾ, ರೋಹು ಸಾಕ್ತೀವಿ. ಮೇವು ಅಂದ್ರೆ ಕಡಲೆಕಾಯಿ ಹಿಂಡಿ, ಅಕ್ಕಿ ತೌಡು. ಇವುಗಳಲ್ಲಿ ರಂಜಕ ಇದೆ. ಆದರೆ ಬಹುಪಾಲು ಫೈಟಿಕ್ ಆಮ್ಲದಲ್ಲಿ ಸಿಕ್ಕಿಕೊಂಡಿರುತ್ತೆ. ಅದನ್ನು ಬಿಡಿಸೋ ಫೈಟೇಸ್ ಕಿಣ್ವ ಮೀನಿನ ಮೈಯಲ್ಲಿ ಸಾಕಷ್ಟಿಲ್ಲ. ರಂಜಕ ಹಿಕ್ಕೆ ಜೊತೆ ನೀರಿಗೆ ಹೋಗಿ ಪಾಚಿ ಬೆಳೆಸುತ್ತೆ; ಬೆಳಗಿನ ಜಾವ ಆಮ್ಲಜನಕ ಇಳಿದು ಮೀನು ಮೇಲೆ ಬಂದು ಬಾಯಿ ಬಿಡುತ್ತೆ. ಕೋಲಾರ, ಮಾಲೂರು ಕಡೆ ಕೆ.ಸಿ. ವ್ಯಾಲಿಯ ಸಂಸ್ಕರಿಸಿದ ನೀರು ತುಂಬೋ ಕೆರೆಗಳಲ್ಲಂತೂ ಎಚ್ಚರ ಇನ್ನೂ ಬೇಕು.

ಮೊದಲ ಸಲ ನಾನು ಬೇಯಿಸಿದ ಬಿಸಿ ಮೇವಿಗೇ ಕಿಣ್ವ ಕಲಸಿದೆ. ಶಾಖಕ್ಕೆ ಅದು ಕೆಟ್ಟು, ದುಡ್ಡು ನೀರುಪಾಲಾಯ್ತು. ಈಗ ಆರಿದ ಮೇಲೆ ಎಣ್ಣೆ ಜೊತೆ ಸವರ್ತೀನಿ. ಇನ್ನೊಂದು ಮಾತು: ಈ ಮೀನುಗಳಿಗೆ ಆಮ್ಲ ಸುರಿಸೋ ಜಠರವೇ ಇಲ್ಲ. ಹುಳಿಯಲ್ಲಿ ಮಾತ್ರ ಚುರುಕಾಗೋ ಫೈಟೇಸ್ ನಮಗೆ ಅಷ್ಟು ಕೆಲಸಕ್ಕೆ ಬರಲ್ಲ. ಕೊಳ್ಳೋ ಮುಂಚೆ ಕೇಳಿ ತಿಳ್ಕೊಳ್ಳಿ.