ದಾಕ್ಷಿಣ್ಯವೆಂಬ ದೊಡ್ಡ ಗುಣ

ಇವತ್ತು ನಾವೆಲ್ಲ ದಿನವೂ ಆಡುವ ಒಂದು ಪದದ ಬಗ್ಗೆ ಮಾತಾಡೋಣ. ಆ ಪದ ದಾಕ್ಷಿಣ್ಯ.

ಊಟಕ್ಕೆ ಕೂತ ನೆಂಟರಿಗೆ, "ದಾಕ್ಷಿಣ್ಯ ಮಾಡ್ಕೋಬೇಡಿ, ಇನ್ನೊಂದು ಹೋಳಿಗೆ ಹಾಕಿಸ್ಕೊಳ್ಳಿ" ಎನ್ನುತ್ತೇವೆ. ಇಲ್ಲಿ ಅದರ ಅರ್ಥ ಸಂಕೋಚ. ಪತ್ರಿಕೆ ಬಿಡಿಸಿದರೆ "ಒತ್ತುವರಿದಾರರ ವಿರುದ್ಧ ನಿರ್ದಾಕ್ಷಿಣ್ಯ ಕ್ರಮ" ಎಂಬ ತಲೆಬರಹ. ಅಲ್ಲಿ ಅದು ಮುಲಾಜು. "ಅವರ ದಾಕ್ಷಿಣ್ಯಕ್ಕೆ ಸಿಕ್ಕಿ ಒಪ್ಪಿಕೊಂಡುಬಿಟ್ಟೆ" ಎಂದು ಯಾರೋ ಪೇಚಾಡುವಾಗ ಅದೊಂದು ಬಲೆ. ಇಷ್ಟು ವೇಷ ಹಾಕುವ ಈ ಪದದ ಮೊದಲ ಅರ್ಥ ದಯೆ, ಸೌಜನ್ಯ.

ಪದ ಹುಟ್ಟಿದ ಬಗೆ ಸರಳ. ಸುಂದರನ ಗುಣ ಸೌಂದರ್ಯ, ಉದಾರನ ಗುಣ ಔದಾರ್ಯ, ಹಾಗೆಯೇ ದಕ್ಷಿಣನ ಗುಣ ದಾಕ್ಷಿಣ್ಯ. ದಕ್ಷಿಣ ಎಂದೊಡನೆ ನಮಗೆ ದಿಕ್ಕು ನೆನಪಾಗುತ್ತದೆ. ಸಂಸ್ಕೃತದಲ್ಲಿ ಬಲಗಡೆಗೂ ಅದೇ ಹೆಸರು. ಮೂಡಲಿಗೆ ಮುಖ ಮಾಡಿ ನಿಂತರೆ ನಮ್ಮ ಬಲಗೈ ಕಡೆಯ ದಿಕ್ಕೇ ದಕ್ಷಿಣ. ದೇವರನ್ನು ಬಲಕ್ಕಿಟ್ಟುಕೊಂಡು ಸುತ್ತುವುದು ಪ್ರದಕ್ಷಿಣೆ. ಅದೇ ಪದ ಪ್ರಾಕೃತದ ಬಾಯಲ್ಲಿ ದಕ್ಖಿಣವಾಗಿ, ಮುಂದೆ ನಾವು ಬದುಕುತ್ತಿರುವ ದಖ್ಖನ್ ಪ್ರಸ್ಥಭೂಮಿಯ ಹೆಸರಾಯಿತು.

ದಕ್ಷ, ದಕ್ಷತೆ ಎಂಬ ಪದಗಳೂ ಇದೇ ಕುಲದವು. ದಕ್ಷ ಎಂದರೆ ಕೆಲಸ ಬಲ್ಲವನು, ಚುರುಕಿನವನು. ಹೆಚ್ಚಿನ ಜನರಿಗೆ ಕೆಲಸದಲ್ಲಿ ಪಳಗಿದ ಕೈ ಬಲಗೈ ತಾನೇ? ಆ ಪಳಗಿದ ಹದ ಮನುಷ್ಯನ ನಡತೆಗೂ ಬಂದರೆ ಅವನು ದಕ್ಷಿಣ. ಅಮರಕೋಶ ಅಂಥವನಿಗೆ ಸರಳ, ಉದಾರ ಎಂಬ ಹೆಸರುಗಳನ್ನೂ ಕೊಡುತ್ತದೆ.

ಹಾಗಾದರೆ ಸಂಕೋಚದ ಅರ್ಥ ಎಲ್ಲಿಂದ ಬಂತು? ಅದರ ಬೀಜ ಹಳೆಯ ನಾಟಕಗಳಲ್ಲೇ ಇದೆ. ಹತ್ತನೆಯ ಶತಮಾನದ ಧನಂಜಯ ದಶರೂಪಕವೆಂಬ ತನ್ನ ನಾಟ್ಯಲಕ್ಷಣ ಗ್ರಂಥದಲ್ಲಿ 'ದಕ್ಷಿಣ ನಾಯಕ'ನನ್ನು ವಿವರಿಸುತ್ತಾನೆ. ಹೊಸಬಳಿಗೆ ಮನಸೋತರೂ ಹಳೆಯ ಪ್ರಿಯೆಯೊಡನೆ ಮೊದಲಿನ ಆದರದಿಂದಲೇ ನಡೆದುಕೊಳ್ಳುವವನು ಅವನು. ಧನಂಜಯನಿಗಿಂತ ಎಷ್ಟೋ ಹಿಂದಿನ ಕಾಳಿದಾಸನ ಮಾಲವಿಕಾಗ್ನಿಮಿತ್ರ ನಾಟಕದಲ್ಲಿ, ದೊರೆ ಅಗ್ನಿಮಿತ್ರ ರಾಣಿಯ ಮನಸ್ಸು ಮುರಿಯಲಾರದ್ದಕ್ಕೆ ದಾಕ್ಷಿಣ್ಯ ತನ್ನ ಕುಲದ ವ್ರತವೆಂದು ತಾನು ಹೊಸದಾಗಿ ಮನಸೋತ ಮಾಲವಿಕೆಗೆ ಸಮಜಾಯಿಷಿ ಕೊಡುತ್ತಾನೆ. ಇನ್ನೊಬ್ಬರನ್ನು ನೋಯಿಸಲಾರೆ ಎಂಬ ಒಳ್ಳೆಯತನ ಅಲ್ಲೇ 'ಇಲ್ಲ ಎನ್ನಲಾರೆ' ಎಂಬ ಇಕ್ಕಟ್ಟಿಗೆ ತಿರುಗಲು ಶುರುವಾಗಿದೆ.

ಕನ್ನಡಿಗರು ಈ ಇಕ್ಕಟ್ಟನ್ನು ಚೆನ್ನಾಗಿ ಬಲ್ಲರು. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲು ತಾವಿಲ್ಲ ಎಂಬ ಖಾರವಾದ ಗಾದೆ ಹುಟ್ಟಿದ್ದು ಆ ಅರಿವಿನಿಂದಲೇ. ಸಾಲದ ಜಾಮೀನನ್ನೇ ನೋಡಿ. ಪರಿಚಯದವರು ಅರ್ಜಿ ಹಿಡಿದು ಮನೆಗೆ ಬರುತ್ತಾರೆ, ಕಾಫಿ ಕುಡಿಯುತ್ತಾರೆ, "ಒಂದು ಸಹಿ ಅಷ್ಟೇ ಸ್ವಾಮಿ" ಎನ್ನುತ್ತಾರೆ. ಮುಖ ಮುರಿಯಲಾಗದೆ ನಾವು ಓದದೆ ಸಹಿ ಹಾಕುತ್ತೇವೆ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ಷರತ್ತಿಲ್ಲದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಕಂತು ನಿಂತ ದಿನ ಸಾಲವೂ ಹೆಗಲಿಗೇರುತ್ತದೆ, ಸ್ನೇಹವೂ ಕೆಡುತ್ತದೆ. ಇದರಿಂದ ಯಾರಿಗೂ ಒಳ್ಳೆಯದಾಗಲಿಲ್ಲ. ಆ ಸಹಿಯಲ್ಲಿ ಅಂಜಿಕೆ ಇತ್ತು, ದಯೆ ಇರಲಿಲ್ಲ.

ಇನ್ನೊಂದು ಅತಿಯೂ ಇದೆ. ದಾಕ್ಷಿಣ್ಯವೆಂದರೆ ದೌರ್ಬಲ್ಯ ಎಂದು ತಿಳಿದು, 'ನಿರ್ದಾಕ್ಷಿಣ್ಯ' ಎಂಬುದನ್ನು ಬಿರುದಿನಂತೆ ಬಳಸುತ್ತಿದ್ದೇವೆ. ಅಧಿಕಾರಿ ನಿಯಮಕ್ಕೆ ನಿಷ್ಠನಾಗಿರಬೇಕು, ನಿಜ. ಆದರೆ ಪಿಂಚಣಿಗೆ ಬಂದ ಅಜ್ಜಿಗೆ ಒಂದು ಕಾಗದ ಕಡಿಮೆಯಿದ್ದರೆ, ಅದು ಯಾವ ಕಚೇರಿಯಲ್ಲಿ ಸಿಗುತ್ತದೆ, ಏನೆಂದು ಕೇಳಬೇಕು ಎಂದು ಕೂರಿಸಿ ಹೇಳುವುದರಿಂದ ಯಾವ ನಿಯಮವೂ ಮುರಿಯುವುದಿಲ್ಲ. ಹಾಗೆ ಹೇಳಲು ಕೆಲಸ ಗೊತ್ತಿರಬೇಕು, ಮನಸ್ಸೂ ಇರಬೇಕು. ದಕ್ಷತೆ ಮತ್ತು ದಾಕ್ಷಿಣ್ಯ ಒಡಹುಟ್ಟಿದವು ಎಂಬುದು ಅಲ್ಲಿ ಕಣ್ಣಿಗೆ ಕಾಣುತ್ತದೆ.

ಕೇಳುಗರೇ, ಆಗದ ಕೆಲಸವನ್ನು ಆಗದು ಎಂದು ಮೃದುವಾಗಿ, ಮೊದಲೇ ಹೇಳೋಣ. ಆಗುವ ಉಪಕಾರವನ್ನು ಅಚ್ಚುಕಟ್ಟಾಗಿ, ಮುಖ ಗಂಟಿಕ್ಕದೆ ಮಾಡೋಣ. ದಾಕ್ಷಿಣ್ಯಕ್ಕೆ ಅದರ ಹಳೆಯ ಗೌರವ ಮರಳಿ ಬರಬೇಕಾದರೆ ಇಷ್ಟು ಸಾಕು.