ಬಾಯಿಪಾಠದ ನಡೆ, ಮಣೆಯ ಮುಂದಿನ ಯೋಚನೆ



ಚದುರಂಗ ಆಡುವ ನಿಮ್ಮಲ್ಲಿ ಅನೇಕರು ಆರಂಭದ ಹತ್ತು ಹನ್ನೆರಡು ನಡೆಗಳನ್ನು ಪುಸ್ತಕ ನೋಡಿ ಬಾಯಿಪಾಠ ಮಾಡಿರುತ್ತೀರಿ. ಎದುರಾಳಿ ಪುಸ್ತಕದಲ್ಲಿಲ್ಲದ ನಡೆ ಇಟ್ಟರೆ ಏನು ಮಾಡಬೇಕು? ಇದಕ್ಕೆ ಉತ್ತರ ಕೊಡುವ ಒಂದು ಆಟವನ್ನು ನೋಡೋಣ.

ಅದು 1918ರ ಅಕ್ಟೋಬರ್, ನ್ಯೂಯಾರ್ಕ್ ಪಂದ್ಯಾವಳಿ. ಬಿಳಿ ಕಾಯಿಗಳು ಕ್ಯೂಬಾದ ಕಾಪಾಬ್ಲಾಂಕ ಅವರವು, ಕಪ್ಪು ಅಮೆರಿಕದ ಫ್ರಾಂಕ್ ಮಾರ್ಷಲ್ ಅವರವು. 1909ರಲ್ಲಿ ಇವರಿಬ್ಬರೇ ಸೆಣಸಿದಾಗ ಮಾರ್ಷಲ್ 8 ಆಟ ಸೋತು, ಗೆದ್ದದ್ದು ಒಂದೇ ಒಂದು.

ಆಟ ಆರಂಭವಾದದ್ದು ‘ರೂಯ್ ಲೋಪೆಜ್’ ಕ್ರಮದಲ್ಲಿ. ಇದು 16ನೆಯ ಶತಮಾನದ ಸ್ಪೇನಿನ ಪಾದ್ರಿಯೊಬ್ಬರ ಹೆಸರು. 8ನೆಯ ನಡೆಯಲ್ಲಿ ಮಾರ್ಷಲ್ ಮಂತ್ರಿಯ ಮುಂದಿನ ಕಾಲಾಳನ್ನು ಎರಡು ಮನೆ ಮುಂದಿಟ್ಟು, ಒಂದು ಕಾಲಾಳನ್ನು ಬಲಿಕೊಡಲು ಸಿದ್ಧರಾದರು. ಬಿಳಿ ಅದನ್ನು ಕಬಳಿಸುವಷ್ಟರಲ್ಲಿ ಅದರ ಮಂತ್ರಿಯ ಪಕ್ಕದ ಆನೆ, ಕುದುರೆ, ಒಂಟೆಗಳು ಕದಲದೆ ಉಳಿಯುತ್ತವೆ. ಆ ಬಿಡುವಿನಲ್ಲಿ ಕಪ್ಪು ಪಡೆ ರಾಜನ ಮೇಲೆ ಏರಿಹೋಗಬಹುದು. ಇದು ಮಾರ್ಷಲ್ ಅವರ ಲೆಕ್ಕ.

ಎದುರಾಳಿ ಮನೆಯಲ್ಲಿ ಸಿದ್ಧಪಡಿಸಿಕೊಂಡು ಬಂದಿದ್ದಾರೆಂದು ಕಾಪಾಬ್ಲಾಂಕರಿಗೆ ಅರ್ಥವಾಯಿತು. ಆದರೂ ಸವಾಲನ್ನು ಒಪ್ಪಿದರು. 13ನೆಯ ನಡೆಯಲ್ಲಿ ಕಪ್ಪು ಕುದುರೆ ಬಿಳಿ ರಾಜನ ಬಳಿ ಬಂದು ನಿಂತಿತು, ಹೊಡೆಯಲು ಸಿಗುವಂತೆ! ಹೊಡೆದಿದ್ದರೆ ಕಪ್ಪು ಮಂತ್ರಿ ನುಗ್ಗಿ ರಾಜನನ್ನು ಮುತ್ತುತ್ತಿತ್ತು. ಕಾಪಾಬ್ಲಾಂಕ ಹೊಡೆಯಲಿಲ್ಲ, ತಮ್ಮ ಮಂತ್ರಿಯನ್ನು ಮುಂದೆ ತಂದರು. ಅದು ರಾಜನ ಬದಿಯನ್ನು ಕಾಯುತ್ತಲೇ ದೂರದ ಮೂಲೆಯ ಕಪ್ಪು ಆನೆಯ ಮೇಲೂ ಕಣ್ಣಿಟ್ಟಿತು. ಮುಂದೆ ಬಿಳಿ ರಾಜ ಬಯಲಿಗೆ ಬಂದು ಮನೆಯಿಂದ ಮನೆಗೆ ಓಡಬೇಕಾಯಿತು ನಿಜ. ಆದರೆ ದಾಳಿ ಕ್ರಮೇಣ ಆರಿತು. 36ನೆಯ ನಡೆಗೆ ಕಾಪಾಬ್ಲಾಂಕ ಗೆದ್ದರು.

ಹಾಗಾದರೆ ಮಾರ್ಷಲ್ ಅವರ ಸಿದ್ಧತೆ ವ್ಯರ್ಥವಾಯಿತೆ? ಇಲ್ಲ. ಅವರು 11ನೆಯ ನಡೆಯಲ್ಲಿ ಕುದುರೆಯನ್ನು ಹಿಂದಕ್ಕೆ ತಂದಿದ್ದರು. ಅದರ ಬದಲು ಒಂದು ಕಾಲಾಳಿನಿಂದ ಕುದುರೆಗೆ ಆಸರೆ ಕೊಟ್ಟರೆ ದಾಳಿ ಬಲವಾಗುತ್ತದೆಂದು ಆಮೇಲೆ ಕಂಡುಬಂತು. ಆ ಪದ್ಧತಿಗೆ ಇಂದು ‘ಮಾರ್ಷಲ್ ದಾಳಿ’ ಎಂದೇ ಹೆಸರು. ಅದನ್ನು ತಪ್ಪಿಸಲು ಬಿಳಿ ಕಾಯಿ ಹಿಡಿದ ಗ್ರಾಂಡ್‌ಮಾಸ್ಟರುಗಳು 8ನೆಯ ನಡೆಯಲ್ಲೇ ದಾರಿ ಬದಲಿಸುವುದುಂಟು. ಗೆದ್ದವರ ಹೆಸರಲ್ಲ, ಸೋತವರ ಹೆಸರು ಆ ಆರಂಭಕ್ಕೆ ಉಳಿಯಿತು!

ಪಾಠ ಓದುವಾಗಲೂ ಹೀಗೆಯೇ. ಸೂತ್ರ ನೆನಪಿರಲಿ, ಅದು ಏಕೆ ಹಾಗಿದೆ ಎಂಬುದೂ ತಿಳಿದಿರಲಿ. ಪ್ರಶ್ನೆ ಹೊಸದಾಗಿ ಬಂದಾಗ ಕೈಹಿಡಿಯುವುದು ಎರಡನೆಯದು. ಬಿಡುವಾದಾಗ ಮಣೆ ಹರಡಿ ಈ ಆಟವನ್ನು ಆಡಿ ನೋಡಿ. 14ನೆಯ ನಡೆಯಲ್ಲಿ ನಿಲ್ಲಿಸಿ, ಬಿಳಿಯ ಕಡೆಯಿಂದ ನೀವೇ ಯೋಚಿಸಿ.